ಓದುಗರ ಪ್ರಶ್ನೆ, ನಮ್ಮ ಉತ್ತರ: ವಿಮಾನ ಹತ್ತುವ ಮಾವು, ಮೀನು, ಹೋಳಿಗೆ

ತಾಜಾ ಮತ್ತು ಫ್ರೋಜನ್ ಆಹಾರವನ್ನು ಏರ್ ಕಾರ್ಗೊದಲ್ಲಿ ಹೊರದೇಶಕ್ಕೆ ಕಳಿಸುವ ಬಗ್ಗೆ ಬಂದ ಪತ್ರಗಳಿಗೆ ಈ ಬಾರಿ ಉತ್ತರ.

ಪ್ರಶ್ನೆ: ದುಬೈಗೆ ಬಾದಾಮಿ ಮಾವು ಕಳಿಸಿದೆವು. ಹಾಳಾಗಬಾರದೆಂದು ಐದು ದಿನ 4 ಡಿಗ್ರಿ ಕೋಲ್ಡ್ ಸ್ಟೋರೇಜಿನಲ್ಲಿ ಇಟ್ಟಿದ್ದೆವು. ಇಳಿದಾಗ ಚೆನ್ನಾಗಿದ್ದ ಕಾಯಿ ನಾಲ್ಕು ದಿನಕ್ಕೆ ಸಿಪ್ಪೆ ಬೂದುಬಣ್ಣವಾಗಿ, ಹಣ್ಣಾಗದೆ ಮುದುಡಿತಂತೆ. — ತೋಟಗಾರರು, ಶ್ರೀನಿವಾಸಪುರ

ಕೆಡಿಸಿದ್ದು ಆ ತಂಪೇ. ಬಲಿತ ಮಾವಿನಕಾಯಿಗೆ 12–13 ಡಿಗ್ರಿಗಿಂತ ಕೆಳಗಿನ ತಂಪು ಆಗಿಬರುವುದಿಲ್ಲ. ತಂಪಿನಲ್ಲಿ ಇರುವಷ್ಟು ಹೊತ್ತು ಏನೂ ಕಾಣುವುದಿಲ್ಲ, ಹೊರಗೆ ಬಂದು ಬೆಚ್ಚಗಾದ ಮೇಲೆ ಗುಣ ತೋರಿಸುತ್ತದೆ. ಆದ್ದರಿಂದಲೇ ಕೊಂಡವರು ಮೊದಲ ದಿನ 'ಮಾಲು ಚೆನ್ನಾಗಿದೆ' ಎಂದಿದ್ದಾರೆ.

ಒಂದೆರಡು ಸೆಂಟಿಮೀಟರ್ ತೊಟ್ಟು ಬಿಟ್ಟು ಕೊಯ್ಯಿರಿ. ಆಮೇಲೆ ತೊಟ್ಟು ಮುರಿದು, ಕಾಯಿಗಳನ್ನು ತಲೆಕೆಳಗಾಗಿ ಜಾಲರಿಯ ಮೇಲಿಟ್ಟು ಸೊನೆ ಪೂರ್ತಿ ಇಳಿಸಿ. ಸಿಪ್ಪೆಗೆ ಸೊನೆ ತಾಗಿದರೆ ಸುಟ್ಟಂತೆ ಕಪ್ಪು ಕಲೆ ಬೀಳುತ್ತದೆ. ನಂತರ 13 ಡಿಗ್ರಿ ಕೋಣೆಯಲ್ಲಿ ಗಾಳಿ ಆಡುವಂತಿಟ್ಟು ತಣಿಸಿ. ಕೋಣೆಯ ಗೋಡೆಯ ಮೀಟರ್ ನಂಬಬೇಡಿ, ಒಂದು ಕಾಯಿಗೆ ಥರ್ಮಾಮೀಟರಿನ ಮೊನೆಯನ್ನು ಓಟೆ ಮುಟ್ಟುವವರೆಗೆ ಚುಚ್ಚಿ ನೋಡಿ. ವಿಮಾನದ ಹೊಟ್ಟೆ ಫ್ರಿಜ್ ಅಲ್ಲ: 28 ಡಿಗ್ರಿಯಲ್ಲಿ ಪ್ಯಾಕ್ ಮಾಡಿದ ಕಾಯಿ ಅಲ್ಲಿ ತಣಿಯುವುದಿಲ್ಲ. ಕಾಯಿ ಉಸಿರಾಡುವ ಬಿಸಿ ಸೇರಿ ಪೆಟ್ಟಿಗೆಯ ನಡುಭಾಗ ಇನ್ನೂ ಕಾಯುತ್ತದೆ.

ಏರ್ ವೇ ಬಿಲ್ಲಿನಲ್ಲಿ (ವಿಮಾನ ಸಾಗಣೆಯ ಪತ್ರ) '12ರಿಂದ 14 ಡಿಗ್ರಿ' ಎಂದೇ ಬರೆಸಿ. ಬರೀ 'ಕೂಲ್' ಎಂದರೆ ಮಾಲು 2–8 ಡಿಗ್ರಿ ಕೋಣೆಗೆ ಹೋಗುವ ಸಂಭವ ಹೆಚ್ಚು. ಕೊತ್ತಂಬರಿ, ಸೌತೆಕಾಯಿಯ ಪಕ್ಕ ಇಡದಂತೆ ಹೇಳಿ. ಮಾವು ಬಿಡುವ ಎಥಿಲೀನ್ ಎಂಬ ಹಣ್ಣಾಗಿಸುವ ಅನಿಲಕ್ಕೆ ಅವು ಬೇಗ ಹಳದಿಯಾಗುತ್ತವೆ.

ಮುಂದೆ ಬೇರೆ ದೇಶಕ್ಕೂ ಕಳಿಸುವ ಆಸೆಯಿದ್ದರೆ ಅಲ್ಲಿಯ ಷರತ್ತು ಮೊದಲು ತಿಳಿಯಿರಿ. ಅಮೆರಿಕಕ್ಕೆ ಕೀಟ ನಿವಾರಣೆಗೆಂದು ಕನಿಷ್ಠ 400 ಗ್ರೇ (ವಿಕಿರಣದ ಅಳತೆ) ವಿಕಿರಣ ಕೊಡಿಸಬೇಕು. ಇದರ ಕೇಂದ್ರ ನಿಮ್ಮ ಜಿಲ್ಲೆಯ ಮಾಲೂರಿನಲ್ಲೇ ಇದೆ. ಯುರೋಪಿಗೆ 48 ಡಿಗ್ರಿ ಬಿಸಿನೀರಿನಲ್ಲಿ 60 ನಿಮಿಷ ಅದ್ದುವ ಕ್ರಮ ಚಾಲ್ತಿಯಲ್ಲಿದೆ. ಹಣ್ಣುನೊಣ ಸಿಕ್ಕಿತೆಂದು ಯುರೋಪ್ ಒಕ್ಕೂಟ 2014ರ ಮೇ ತಿಂಗಳಿಂದ ಭಾರತದ ಮಾವನ್ನೇ ತಡೆದಿತ್ತು. ಅದು ತೆರವಾದದ್ದು 2015ರಲ್ಲಿ.

ಪ್ರಶ್ನೆ: ಹೋಳಿಗೆ, ಕಾಯಿತುರಿಯನ್ನು ಡೀಪ್ ಫ್ರೀಜರಿನಲ್ಲಿ ಕಲ್ಲಾಗಿಸಿ, ಥರ್ಮಕೋಲ್ ಡಬ್ಬಿಯಲ್ಲಿ ಜೆಲ್ ಪ್ಯಾಕ್ ತುಂಬಿ ಸಿಂಗಪುರಕ್ಕೆ ಕಳಿಸುತ್ತೇವೆ. ಜೆಲ್ ಪ್ಯಾಕ್ ಇನ್ನೂ ಅರ್ಧ ಗಟ್ಟಿ ಇರುವಾಗಲೇ ಹೋಳಿಗೆ ಮೆತ್ತಗಾಗಿರುತ್ತದೆ. ಹೇಗೆ? — ಗೃಹೋದ್ಯಮಿ, ಮೈಸೂರು

ಸಾಮಾನ್ಯ ಜೆಲ್ ಪ್ಯಾಕ್ ಎಂದರೆ ಬಹುಪಾಲು ನೀರು. ಅದು ಕರಗುವುದು 0 ಡಿಗ್ರಿಯಲ್ಲಿ, ಪೂರ್ತಿ ಕರಗುವವರೆಗೂ ಅಲ್ಲೇ ನಿಂತಿರುತ್ತದೆ. ಹೂರಣದಲ್ಲಿ ಬೆಲ್ಲವಿದೆ, ಬೆಲ್ಲ ಬೆರೆತ ನೀರು ಸೊನ್ನೆಗಿಂತ ಕೆಳಗೇ ಕರಗಲು ಶುರುವಾಗುತ್ತದೆ. ಆದ್ದರಿಂದ ಜೆಲ್ ಗಟ್ಟಿಯಿದ್ದರೂ ಹೋಳಿಗೆ ಮೆತ್ತಗಾಗಿರುವುದು ಸಹಜ. ಜೆಲ್ ಪ್ಯಾಕ್ ಇರುವುದು ತಾಜಾ ಮಾಲಿಗೆ. ಮೈನಸ್ 18ರಲ್ಲಿ ಉಳಿಯಬೇಕಾದ ಮಾಲಿಗೆ ಡ್ರೈ ಐಸ್, ಅಂದರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್, ಬೇಕು. ಅದು ಮೈನಸ್ 78.5 ಡಿಗ್ರಿಯಲ್ಲಿ ನೀರಾಗದೆ ನೇರ ಅನಿಲವಾಗುತ್ತದೆ.

ಎಷ್ಟು ಬೇಕೆಂಬ ಲೆಕ್ಕದಲ್ಲೇ ಹೆಚ್ಚಿನವರು ಎಡವುವುದು. ಬೆಂಗಳೂರಿಂದ ಸಿಂಗಪುರಕ್ಕೆ ಹಾರಾಟ ನಾಲ್ಕೂವರೆ ಗಂಟೆಯಾದರೂ, ಡಬ್ಬಿ ಮುಚ್ಚಿದ ಗಳಿಗೆಯಿಂದ ಅಲ್ಲಿಯ ಫ್ರೀಜರ್ ಸೇರುವ ತನಕ ಎಣಿಸಬೇಕು: ವ್ಯಾನ್, ಕಾರ್ಗೊ ಗೋದಾಮು, ಭದ್ರತಾ ತಪಾಸಣೆ, ಕಸ್ಟಮ್ಸ್, ಆ ಕಡೆಯ ಬಿಡುಗಡೆ. ಒಟ್ಟು 48 ಗಂಟೆ ಎಂದಿಟ್ಟುಕೊಂಡು, ಒಂದು ದಿನ ಹೆಚ್ಚಿಗೆ ಹಿಡಿಯಿರಿ. ನಾಲ್ಕು ಸೆಂಟಿಮೀಟರ್ ದಪ್ಪ ಗೋಡೆಯ ಮಧ್ಯಮ ಗಾತ್ರದ ಥರ್ಮಕೋಲ್ ಡಬ್ಬಿಯಲ್ಲಿ ದಿನಕ್ಕೆ 3–4 ಕೆ.ಜಿ. ಆವಿಯಾಗುತ್ತದೆಂಬುದು ಕೈಲೆಕ್ಕ. ಅಂದರೆ ಡಬ್ಬಿಗೆ 10–12 ಕೆ.ಜಿ. ಮೊದಲ ಸಲ ಖಾಲಿ ಡಬ್ಬಿಗೆ ಐಸ್ ತುಂಬಿ ಮನೆಯಲ್ಲೇ 24 ಗಂಟೆ ಇಟ್ಟು ತೂಗಿ ನೋಡಿ, ನಿಮ್ಮ ಡಬ್ಬಿಯ ನಿಜವಾದ ಲೆಕ್ಕ ಸಿಗುತ್ತದೆ.

ಹೋಳಿಗೆಯನ್ನು ಸಂದಿಲ್ಲದಂತೆ ಕೆಳಗೆ ಜೋಡಿಸಿ. ಮೇಲೆ ಒಂದು ರಟ್ಟಿನ ಹಾಳೆ, ಅದರ ಮೇಲೆ ಡ್ರೈ ಐಸ್. ತಣ್ಣನೆಯ ಅನಿಲ ಭಾರ, ತಾನಾಗಿ ಕೆಳಗಿಳಿಯುತ್ತದೆ. ಉಳಿದ ಜಾಗಕ್ಕೆ ಮುದ್ದೆ ಮಾಡಿದ ಪೇಪರ್ ತುರುಕಿ. ಆದರೆ ಡಬ್ಬಿಯನ್ನು ಗಾಳಿಯಾಡದಂತೆ ಸುತ್ತ ಟೇಪ್ ಹಚ್ಚಿ ಬಿಗಿಯಬೇಡಿ. ಅನಿಲಕ್ಕೆ ದಾರಿಯಿಲ್ಲದಿದ್ದರೆ ಡಬ್ಬಿ ಸಿಡಿಯುತ್ತದೆ.

ವಿಮಾನದ ಲೆಕ್ಕದಲ್ಲಿ ಡ್ರೈ ಐಸ್ 9ನೇ ವರ್ಗದ ಅಪಾಯಕಾರಿ ವಸ್ತು. ಡಬ್ಬಿಯ ಮೇಲೆ 'ಡ್ರೈ ಐಸ್', 'ಯುಎನ್ 1845', ಐಸಿನ ನಿವ್ವಳ ಕೆ.ಜಿ., ಕಳಿಸುವವರ ಮತ್ತು ಪಡೆಯುವವರ ವಿಳಾಸ, 9ನೇ ವರ್ಗದ ಲೇಬಲ್ ಇರಲೇಬೇಕು. ಡಬ್ಬಿಗಳ ಸಂಖ್ಯೆ ಮತ್ತು ಐಸಿನ ತೂಕ ಏರ್ ವೇ ಬಿಲ್ಲಿನಲ್ಲೂ ಬರಬೇಕು. ಒಂದು ವಿಮಾನದಲ್ಲಿ ಒಟ್ಟು ಇಷ್ಟೇ ಐಸ್ ಎಂಬ ಮಿತಿಯಿದೆ, ಬುಕ್ ಮಾಡುವಾಗಲೇ ಹೇಳಿ. ಕಾರಿನಲ್ಲಿ ಒಯ್ಯುವುದಾದರೆ ಕಿಟಕಿ ತೆರೆದಿರಲಿ, ಮುಚ್ಚಿದ ಕಾರಿನಲ್ಲಿ ಇಂಗಾಲದ ಡೈಆಕ್ಸೈಡ್ ತುಂಬಿ ಉಸಿರುಗಟ್ಟುತ್ತದೆ. ಬರಿಗೈಯಲ್ಲಿ ಮುಟ್ಟಬೇಡಿ. ಇನ್ನೊಂದು: ಸಿಂಗಪುರದಲ್ಲಿ ತರಿಸಿಕೊಳ್ಳುವವರು ಅಲ್ಲಿಯ ಆಹಾರ ಸಂಸ್ಥೆಯಲ್ಲಿ ನೋಂದಾಯಿಸಿರಬೇಕು.

ಪ್ರಶ್ನೆ: ಸೊಪ್ಪಿನ ಪೆಟ್ಟಿಗೆಯ ತೂಕ 9 ಕೆ.ಜಿ., ಬಿಲ್ ಬಂದದ್ದು 16 ಕೆ.ಜಿ.ಗೆ. ಮೋಸವೇ? — ಓದುಗರು, ಚಿಕ್ಕಬಳ್ಳಾಪುರ

ಅಲ್ಲ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6000ದಿಂದ ಭಾಗಿಸಿ. ನೀವು ಬರೆದಿರುವ 60×40×40 ಪೆಟ್ಟಿಗೆ 96,000 ಆಯಿತು, ಭಾಗಿಸಿದರೆ 16. ನಿಜವಾದ ತೂಕ, ಈ ಲೆಕ್ಕದ ತೂಕ, ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ಕೊರಿಯರ್ ಕಂಪನಿಗಳು ಸಾಮಾನ್ಯವಾಗಿ 5000ದಿಂದ ಭಾಗಿಸುತ್ತವೆ, ಅಲ್ಲಿ ಇದೇ ಪೆಟ್ಟಿಗೆ 19 ದಾಟುತ್ತದೆ. ಎತ್ತರ 30ಕ್ಕೆ ಇಳಿಸಿದರೆ 12 ಕೆ.ಜಿ. ಆದರೆ ಉಳಿಸುವ ಆಸೆಗೆ ಗಾಳಿತೂತು ಮುಚ್ಚುವಂತೆ ಸೊಪ್ಪು ಅದುಮಬೇಡಿ. ನಡುವಿನ ಕಟ್ಟು ಬೆಂದು ಕೊಳೆಯುತ್ತದೆ.

ಪ್ರಶ್ನೆ: ಅಮೆರಿಕದ ಅಂಗಡಿಯೊಂದು ತಾಜಾ ಕರಿಬೇವು ಕೇಳುತ್ತಿದೆ. ಕಳಿಸಬಹುದೇ? — ಓದುಗರು, ಶಿರಸಿ

ಬೇಡ. ನಿಂಬೆ ಜಾತಿಯ ಮರಗಳನ್ನು ಒಣಗಿಸುವ ಗ್ರೀನಿಂಗ್ ರೋಗ ಹರಡುವ ಪುಟ್ಟ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಆ ಭಯಕ್ಕೆ ಅಮೆರಿಕದ ಅಧಿಕಾರಿಗಳು ಕರಿಬೇವನ್ನು ಹಿಡಿದು ನಾಶ ಮಾಡುತ್ತಾರೆ. ಬೇರೆ ತರಕಾರಿಯ ನಡುವೆ ಎರಡು ಕಟ್ಟು ತೂರಿಸಿದರೆ ಇಡೀ ಮಾಲೇ ನಿಲ್ಲುತ್ತದೆ. ಅಂದ ಹಾಗೆ, ಅಮೆರಿಕಕ್ಕೆ ವಿಮಾನದಲ್ಲಿ ಯಾವ ಆಹಾರ ಹೋದರೂ ಅದು ತಲುಪುವುದಕ್ಕೆ ಕನಿಷ್ಠ 4 ಗಂಟೆ ಮೊದಲು ಅಲ್ಲಿಯ ಆಹಾರ ಇಲಾಖೆಗೆ ಮುನ್ಸೂಚನೆ ಸಲ್ಲಿಕೆಯಾಗಿರಬೇಕು.

ಪ್ರಶ್ನೆ: ಐಸ್ ಹಾಕಿದ ಅಂಜಲ್ ಮೀನಿನ ಪೆಟ್ಟಿಗೆಯನ್ನು ಕಾರ್ಗೊ ಕೌಂಟರಿನಲ್ಲಿ ವಾಪಸ್ ಕಳಿಸಿದರು. — ಓದುಗರು, ಮಲ್ಪೆ

ಪೆಟ್ಟಿಗೆಯ ಮೂಲೆ ಒದ್ದೆಯಾಗಿತ್ತು ಎಂದು ನೀವೇ ಬರೆದಿದ್ದೀರಿ, ಕಾರಣ ಅದೇ. ಮೀನಿನ ಉಪ್ಪುನೀರು ಸೋರಿದರೆ ವಿಮಾನದ ಅಲ್ಯೂಮಿನಿಯಂ ತುಕ್ಕು ತಿನ್ನುತ್ತದೆ. ಎಷ್ಟೋ ವಿಮಾನ ಕಂಪನಿಗಳು ಬಿಡಿ ಐಸ್ ಒಪ್ಪುವುದೇ ಇಲ್ಲ. ಮೀನನ್ನು ಮೊದಲು ಐಸಿನಲ್ಲಿ 0–2 ಡಿಗ್ರಿಗೆ ಇಳಿಸಿ, ನೀರು ಬಸಿದು, ದಪ್ಪ ಪಾಲಿಥಿನ್ ಚೀಲ ಎರಡು ಪದರ ಹಾಕಿ ಒಂದೊಂದನ್ನೂ ಬೇರೆಬೇರೆ ಕಟ್ಟಿ. ಚೀಲಗಳ ನಡುವೆ ನೀರು ಹೀರುವ ಪ್ಯಾಡ್, ಮೇಲೆ ಜೆಲ್ ಪ್ಯಾಕ್, ಹೊರಗೆ ಥರ್ಮಕೋಲ್ ಮತ್ತು ರಟ್ಟಿನ ಪೆಟ್ಟಿಗೆ. ಮೊಹರು ಹಾಕುವ ಮೊದಲು ಒಂದನ್ನು ಅಡ್ಡ ಮಲಗಿಸಿ ಒಂದು ಗಂಟೆ ಬಿಟ್ಟು ನೋಡಿ.

ಪ್ರಶ್ನೆ: ಮಾಲು ಹಾಳಾಗಿ ತಲುಪಿದರೆ ವಿಮಾನ ಕಂಪನಿ ಹಣ ಕೊಡುತ್ತದೆಯೇ? — ಓದುಗರು, ಹುಬ್ಬಳ್ಳಿ

ಕೊಡಬೇಕು, ಆದರೆ ಸುಲಭವಲ್ಲ. ವಿಮಾನ ಸಾಗಣೆಯ ಹೊಣೆ ಕುರಿತ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮಾಲು ಕೈಸೇರಿದ 14 ದಿನದೊಳಗೆ ಲಿಖಿತ ದೂರು ಹೋಗಬೇಕು. ತಡವಾದದ್ದಕ್ಕಾದರೆ 21 ದಿನ. ಪರಿಹಾರದ ಮಿತಿ 2024ರ ಡಿಸೆಂಬರ್ 28ರಿಂದ ಕೆ.ಜಿ.ಗೆ 26 ಎಸ್‌ಡಿಆರ್ (ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಮಾನ), ಸುಮಾರು 3 ಸಾವಿರ ರೂಪಾಯಿ. ಮಾಲು ತನ್ನ ಗುಣದಿಂದಲೇ ಕೆಟ್ಟಿತು, ಇಲ್ಲವೇ ಪ್ಯಾಕಿಂಗ್ ಸರಿಯಿರಲಿಲ್ಲ ಎಂದು ಅವರು ತೋರಿಸಿದರೆ ಅದೂ ಇಲ್ಲ. ಆಹಾರದ ವಿಷಯದಲ್ಲಿ ಅವರು ಮೊದಲು ಹೇಳುವುದೂ ಇದನ್ನೇ.

ಆ ವಾದಕ್ಕೆ ಎದುರು ನಿಲ್ಲುವುದು ಪೆಟ್ಟಿಗೆಯೊಳಗಿನ ಉಷ್ಣತಾ ಲಾಗರ್, ಅಂದರೆ ದಾರಿಯುದ್ದಕ್ಕೂ ಉಷ್ಣತೆ ದಾಖಲಿಸುವ ಪುಟ್ಟ ಸಾಧನ. ಮಾಲಿನ ಮಧ್ಯದಲ್ಲಿಡಿ. ಡ್ರೈ ಐಸಿಗೋ ಪೆಟ್ಟಿಗೆಯ ಗೋಡೆಗೋ ತಾಗಿದ್ದರೆ ಅದು ತೋರಿಸುವ ಅಂಕಿ ಮಾಲಿನದಲ್ಲ. ಸ್ಟಾರ್ಟ್ ಒತ್ತಿದ ಸಮಯ ಬರೆದಿಡಿ, ಪಡೆಯುವವರು ರಸೀದಿಗೆ ಸಹಿ ಮಾಡುವ ಮೊದಲು ಒಂದು ಪೆಟ್ಟಿಗೆ ತೆರೆದು, ಕಂಡದ್ದನ್ನು ರಸೀದಿಯ ಮೇಲೇ ಬರೆಯಲಿ.