ಬಿಪಿ ತೋರಿಸುವ ವಾಚು ನಂಬಬಹುದಾ?

ಪ್ರಶ್ನೆ: ಅಪ್ಪ ಬಿಪಿ ಮಾತ್ರೆ ತಗೊಳ್ತಾರೆ. ದಿನವಿಡೀ ಬಿಪಿ ನೋಡುವ ವಾಚು ಕೊಡಿಸಿದೆ. ತೋಟದಿಂದ ಬಂದು ಕೂತಾಗ ವಾಚಿನಲ್ಲಿ 124/80, ತೋಳಿಗೆ ಪಟ್ಟಿ ಕಟ್ಟುವ ಮೆಷಿನ್‌ನಲ್ಲಿ 146/90. ಯಾವುದು ಸರಿ?
– ಓದುಗರು, ಸೋಮವಾರಪೇಟೆ

ಉತ್ತರ: ತೋಳಿನ ಪಟ್ಟಿಯನ್ನೇ ನಂಬಿ. ಇಂಥ ಹೆಚ್ಚಿನ ವಾಚುಗಳು ಒತ್ತಡವನ್ನು ನೇರವಾಗಿ ಅಳೆಯೋದಿಲ್ಲ. ಚರ್ಮದ ಮೇಲೆ ಹಸಿರು ಬೆಳಕು ಬಿಟ್ಟು, ನಾಡಿಯ ಅಲೆ ನೋಡಿ ಅಂದಾಜು ಹೇಳುತ್ತವೆ, ಅದಕ್ಕೇ ಆಗಾಗ ಪಟ್ಟಿಯ ಅಳತೆ ಕೊಟ್ಟು ಸರಿಹೊಂದಿಸಬೇಕು. ನಿಮ್ಮಲ್ಲಿ ಮಳೆಗಾಲದ ಚಳಿಗೆ ಕೈ ತಣ್ಣಗಾಗುತ್ತಲ್ವಾ, ಆಗ ರಕ್ತನಾಳ ಕುಗ್ಗಿ ಆ ಅಲೆಯೇ ಬದಲಾಗುತ್ತದೆ. ಮಣಿಕಟ್ಟು ಎದೆಮಟ್ಟಕ್ಕಿಂತ 10 ಸೆಂ.ಮೀ. ಕೆಳಗಿದ್ದರೂ ಅಲ್ಲಿನ ಒತ್ತಡ 7–8 ಪಾಯಿಂಟ್ ಜಾಸ್ತಿ.

ಹಾಗಾಗಿ ಇಂಥ ವಾಚು ಸರಿಯಿದೆಯಾ ಅಂತ ತಿಳಿಯೋಕೆ, ಕಟ್ಟಿಕೊಂಡವರನ್ನು ಸುಮ್ನೆ ಕೂರಿಸಿ ಒಮ್ಮೆ ಪರೀಕ್ಷಿಸಿದರೆ ಸಾಲದು. 2023ರಲ್ಲಿ ಯುರೋಪಿನ ರಕ್ತದೊತ್ತಡ ತಜ್ಞರ ಸಂಘ ಪಟ್ಟಿಯಿಲ್ಲದ ಸಾಧನಗಳಿಗೆ ಆರು ಪರೀಕ್ಷೆ ಸೂಚಿಸಿತು. ಕೈ ಮೇಲೆ ಕೆಳಗೆ ಮಾಡಿದಾಗ, ವ್ಯಾಯಾಮದಲ್ಲಿ, ನಿದ್ದೆಯಲ್ಲಿ ಅಳತೆ ಸರಿಯಿರುತ್ತಾ ಅಂತ ನೋಡಬೇಕು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸೋದು ಮಾತ್ರೆಯ ಪರೀಕ್ಷೆ: ಔಷಧಿಯಿಂದ ಬಿಪಿ ಇಳಿದದ್ದು ಸಾಧನಕ್ಕೆ ಗೊತ್ತಾಗದಿದ್ದರೆ ನಿಮ್ಮಪ್ಪನಂಥವರಿಗೆ ಅದರಿಂದ ಏನು ಉಪಯೋಗ?

ವಾಚು ನೋಡಿ ಮಾತ್ರೆ ನಿಲ್ಲಿಸಬೇಡಿ. ಐದು ನಿಮಿಷ ಕೂರಿಸಿ, ತೋಳಿನಲ್ಲಿ ಎರಡು ಸಲ ನೋಡಿ, ಬರೆದಿಟ್ಟು ಡಾಕ್ಟರಿಗೆ ಬೇಗ ತೋರಿಸಿ.