ಎರಡನೆಯ ವರ್ಷ ಲೆಕ್ಕಕ್ಕಿಲ್ಲವೇ?

ದಾವಣಗೆರೆಯಿಂದ ಮಂಗಳೂರಿಗೆ ಓದಲು ಬಂದು, ಪದವಿಯ ಎರಡನೆಯ ವರ್ಷ ಮುಗಿದರೂ ತುಳು ಬರಲಿಲ್ಲ, ಒಂದು ವಿಷಯ ಉಳಿದುಕೊಂಡಿತು, ಈ ವರ್ಷ ದಂಡವೇ ಎಂದು ಕೇಳಿದ್ದೀರಿ. ನಾನೂ ಬಯಲುಸೀಮೆಯವಳೇ. ಅತ್ತಾವರದ ಪಿ.ಜಿ.ಯೊಂದರಲ್ಲಿದ್ದೆ. ನನಗೂ ಎರಡನೆಯ ವರ್ಷ ಲೆಕ್ಕಶಾಸ್ತ್ರ ಕೈಕೊಟ್ಟಿತ್ತು. ಮರುಪರೀಕ್ಷೆ ಬರೆದೆ, ಪಾಸಾದೆ. ಅದರ ಬಗ್ಗೆ ಹೇಳುವುದಕ್ಕೆ ಹೆಚ್ಚೇನೂ ಇಲ್ಲ.

ನೆನಪಾಗುವುದು ಬೇರೆಯೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತಿದ್ದ ಬಟ್ಟೆಗಳು. ಮೊದಲು ಗಂಟಲಿಗಿಳಿಯದ ಕುಚ್ಚಲಕ್ಕಿ ಅನ್ನ, ಈಗ ಊರಿಗೆ ಹೋದಾಗ ನಾನೇ ಹುಡುಕುವ ಅನ್ನ. (ಅಮ್ಮನಿಗೆ ಇದು ಇನ್ನೂ ಸರಿಬಂದಿಲ್ಲ.) ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಹತ್ತಿದ ಸಿಟಿ ಬಸ್ಸಿನ ನಿರ್ವಾಹಕರು "ದುಂಬು ಪೋಲೆ" ಎಂದಾಗ, ಇಳಿಯಲು ಹೇಳುತ್ತಿದ್ದಾರೆಂದು ಹೆದರಿ ಹಂಪನಕಟ್ಟೆಯಲ್ಲೇ ಇಳಿದುಬಿಟ್ಟಿದ್ದೆ. ಮುಂದೆ ಹೋಗಿ ಎಂದಷ್ಟೇ ಅದರ ಅರ್ಥ! ನನ್ನ ತುಳು ಶುರುವಾದದ್ದೇ ಆ ಎರಡು ಪದಗಳಿಂದ. ಮೇ ಕೊನೆಯಲ್ಲಿ ಪತ್ತನಾಜೆಗೆ, ಅಂದರೆ ತುಳುವರ ಬೇಶ ತಿಂಗಳ ಹತ್ತನೆಯ ದಿನಕ್ಕೆ, ಯಕ್ಷಗಾನ ಮೇಳಗಳ ತಿರುಗಾಟ ಮುಗಿಯುವ ಮುನ್ನ ಗೆಳತಿಯ ಊರಿನಲ್ಲಿ ರಾತ್ರಿಯಿಡೀ ಆಟ ನೋಡಿದ್ದೆ. ಅರ್ಥವಾದದ್ದು ಅರ್ಧ, ನಿದ್ದೆ ಮಾತ್ರ ಬರಲಿಲ್ಲ.

ನಿಮ್ಮ ವರ್ಷ ದಂಡವೋ ಅಲ್ಲವೋ ನಾನು ಹೇಳಲಾರೆ. ಅಂಕಪಟ್ಟಿಯನ್ನು ಬದಿಗಿಟ್ಟು, ಮೊಬೈಲಿನಲ್ಲಿರುವ ಫೋಟೊಗಳನ್ನು ತಿಂಗಳ ಪ್ರಕಾರ ನೋಡುತ್ತಾ ಹೋಗಿ. ಜುಲೈನಲ್ಲಿ ಒಬ್ಬರೇ ಇದ್ದು, ಫೆಬ್ರುವರಿಯಲ್ಲಿ ಪಕ್ಕದಲ್ಲಿ ಯಾರಾದರೂ ಇದ್ದಾರೆಯೇ? ಉಳಿದ ವಿಷಯಕ್ಕೆ ಅರ್ಜಿ ಹಾಕುವ ಕೊನೆಯ ದಿನಾಂಕವನ್ನು ಮಾತ್ರ ಇಂದೇ ಕಾಲೇಜು ಕಚೇರಿಯಲ್ಲಿ ವಿಚಾರಿಸಿ.