‘ಸಾಲು ಸೇರಿಸು’ ಒತ್ತಿದ್ರೆ ಫಾರ್ಮೇ ಖಾಲಿ ಆಗೋದಕ್ಕ
ನಿಮ್ಮ ವೆಬ್ ಪೇಜ್‌ನ ಬಿಲ್ ಫಾರ್ಮ್‌ನಾಗ ‘ಸಾಲು ಸೇರಿಸು’ ಒತ್ತಿದ್ರ ತುಂಬಿದ್ದೆಲ್ಲಾ ಹೋಗ್ತದ, ಹೊಸ ಸಾಲಿನ ‘ಅಳಿಸು’ ಬಟನ್ನೂ ನಡೀವಲ್ದು ಅಂತ ಕೇಳಿದ್ರಿ. ‘ಸಾಲು ಸೇರಿಸು’ ಬಟನ್‌ಗೆ ಟೈಪ್ (ಅದು ಯಾವ ಕೆಲಸದ ಬಟನ್ ಅಂತ ಕೋಡ್‌ನಾಗ ಹೇಳೋದು) ಬರೆದಿಲ್ಲ, ಬಹುತೇಕ ಅದೇ ಕಾರಣ. ಫಾರ್ಮ್ ಒಳಗಿನ ಬಟನ್‌ಗೆ ಟೈಪ್ ಇಲ್ಲಂದ್ರ ಬ್ರೌಸರ್ ಅದನ್ನ ಸಬ್ಮಿಟ್, ಅಂದ್ರ ಫಾರ್ಮ್ ಕಳಿಸೋ ಬಟನ್, ಅಂತಲೇ ಹಿಡೀತದ. ಅದಕ್ಕೇ ನಿಮ್ಮ ಕಲಬುರಗಿ ಗಂಜ್‌ನ (ಧಾನ್ಯ ಮಾರುಕಟ್ಟೆಯ) ತೊಗರಿ ಬಿಲ್‌ನಾಗ ‘ಸಾಲು ಸೇರಿಸು’ ಒತ್ತಿದ ಕೂಡಲೇ ಪೇಜ್ ರೀಲೋಡ್ ಆಗಿ ಚೀಲ, ತೂಕ, ದರ ಎಲ್ಲಾ ಅಳಿಸಿ ಹೋಗ್ಲಿಕತ್ತದ.

ಮೊದಲು ಆ ಬಟನ್‌ನ ಟೈಪ್ ‘ಬಟನ್’ ಅಂತ ಮಾಡ್ರಿ. ಆಮೇಲೆ ‘ಉಳಿಸು’ ಬಟನ್‌ನ ಕ್ಲಿಕ್ ಬಿಟ್ಟು ಫಾರ್ಮ್‌ನ ಸಬ್ಮಿಟ್ ಈವೆಂಟ್ (ಫಾರ್ಮ್ ಕಳಿಸೋವಾಗ ಬ್ರೌಸರ್ ಕೊಡೋ ಸೂಚನೆ) ಹಿಡೀರಿ. ಎಂಟರ್ ಒತ್ತಿದವರೂ ಅದರಾಗೇ ಬರ್ತಾರ. ಬ್ರೌಸರ್ ತಾನೇ ಫಾರ್ಮ್ ಕಳಿಸೋದನ್ನ ತಡೆಯೋ ಪ್ರಿವೆಂಟ್‌ಡೀಫಾಲ್ಟ್, ಆ ಈವೆಂಟ್‌ಗೆ ನೀವು ಬರೆದ ಫಂಕ್ಷನ್‌ನ ಮೊದಲನೇ ಸಾಲಿನಾಗೇ ಇರಲಿ. ಕೊನೀಗಿಟ್ರೆ ನಡುವ ಎರರ್ ಬಂದಾಗ ಫಾರ್ಮ್ ಹೋಗೇ ಬಿಡ್ತದ. ನಾನು ಇದರಾಗ ಒಂದು ಪೂರಾ ಸಂಜಿ ಕಳಕೊಂಡೀನಿ.

ಹೊಸ ಸಾಲಿನ ‘ಅಳಿಸು’ ಕೆಲಸ ಮಾಡವಲ್ದು ಅಂದ್ರಲ್ಲ, ಕೋಡ್ ನೋಡದೆ ಖಚಿತ ಹೇಳಲಾರೆ, ಆದರ ಪೇಜ್ ತೆರೆದಾಗ ಇದ್ದ ಬಟನ್‌ಗಳಿಗಷ್ಟೇ ಲಿಸನರ್ (ಕ್ಲಿಕ್ ಆದಾಗ ಓಡೋ ಕೋಡ್) ಕಟ್ಟಿರಬೇಕು. ಇಡೀ ಟೇಬಲ್‌ಗೆ ಒಂದೇ ಕ್ಲಿಕ್ ಲಿಸನರ್ ಕಟ್ಟಿ, ಒಳಗ ಈವೆಂಟ್ ಟಾರ್ಗೆಟ್ (ಒತ್ತಿದ ಜಾಗ) ಮ್ಯಾಲೆ ಕ್ಲೋಸೆಸ್ಟ್ (ಅದನ್ನ ಸುತ್ತಿರೋ ಹತ್ತಿರದ ಅಂಶ ಹುಡುಕೋ ಮೆಥಡ್) ಕರೆದು ಯಾವ ಸಾಲು ಅಂತ ಹುಡುಕ್ರಿ.